ಕ್ರೀಪರ್ ಕೊಳ್ಳುವಾಗ ಮೆತ್ತೆಯನ್ನಲ್ಲ, ಚಕ್ರವನ್ನು ನೋಡಿ

ಕಾರಿನ ಕೆಳಗೆ ಮಲಗಿ ಕೆಲಸ ಮಾಡಲು ಚಕ್ರದ ಹಲಗೆ, ಅಂದರೆ ಕ್ರೀಪರ್ ಕೊಳ್ಳಲು ಹೋದವರು ಮೊದಲು ಹೆಬ್ಬೆರಳಿನಿಂದ ಮೆತ್ತೆಯನ್ನು ಒತ್ತಿ ನೋಡುತ್ತಾರೆ. ಮೃದುವಾಗಿದ್ದರೆ ಹಣ ಕೊಟ್ಟು ತರುತ್ತಾರೆ. ಮನೆಗೆ ಬಂದು ಮಲಗಿದಾಗ ಮೂಗು ಸೈಲೆನ್ಸರ್‌ಗೆ ತಾಗುತ್ತದೆ, ಚಕ್ರ ಯಾವುದೋ ವಾಷರ್‌ಗೆ ಸಿಕ್ಕಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಕ್ರೀಪರ್ ಗೋಡೆಗೆ ಒರಗಿರುತ್ತದೆ, ಮನುಷ್ಯ ಮತ್ತೆ ರಟ್ಟು ಹಾಸಿಕೊಂಡು ನೆಲದ ಮೇಲೆ ಮಲಗಿರುತ್ತಾನೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಸರಿಯಾಗಿ ಆರಿಸಿದ ಕ್ರೀಪರ್ ಬೆನ್ನು, ಕುತ್ತಿಗೆ ಎರಡನ್ನೂ ಕಾಪಾಡುತ್ತದೆ.

ಹೆಜ್ಜೆ 1: ಅಳೆಯಿರಿ

ನೀವು ಸಾಮಾನ್ಯವಾಗಿ ಎತ್ತುವಷ್ಟೇ ಎತ್ತರಕ್ಕೆ ಕಾರನ್ನು ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ನೆಲದಿಂದ ಕಾರಿನ ಅತಿ ಕೆಳಗಿನ ಭಾಗದವರೆಗೆ ಟೇಪ್ ಹಿಡಿಯಿರಿ. ಆಮೇಲೆ ಬೇರೆಡೆ ನೆಲದ ಮೇಲೆ ಅಂಗಾತ ಮಲಗಿ, ಎದೆ ಮತ್ತು ಹೊಟ್ಟೆಗಳಲ್ಲಿ ಯಾವುದು ಎತ್ತರವೋ ಅದನ್ನು ಇನ್ನೊಬ್ಬರಿಂದ ಅಳೆಸಿ. ಅಂತರ 45 ಸೆಂ.ಮೀ., ಎದೆ 25 ಸೆಂ.ಮೀ. ಎಂದುಕೊಳ್ಳಿ. ಉಳಿದದ್ದು 20. ಮೊಣಕೈ ಮಡಚಿ ಸ್ಪ್ಯಾನರ್ ತಿರುಗಿಸಲು ಕನಿಷ್ಠ 15 ಸೆಂ.ಮೀ. ಬೇಕೇ ಬೇಕು. ಹಾಗಾದರೆ ಕ್ರೀಪರ್‌ಗೆ ಸಿಗುವುದು 5 ಸೆಂ.ಮೀ. ಮಾತ್ರ. ಮರದ ಅಥವಾ ಉಕ್ಕಿನ ಚೌಕಟ್ಟಿನ ಮೇಲೆ ದಪ್ಪ ಮೆತ್ತೆ ಹೊಲಿದ ಕ್ರೀಪರ್ ಸಾಮಾನ್ಯವಾಗಿ 10 ಸೆಂ.ಮೀ.ಗಿಂತ ಎತ್ತರವಿರುತ್ತದೆ. ಅದು ನಿಮಗೆ ಹೊಂದುವುದಿಲ್ಲ. ದೇಹದ ಆಕಾರಕ್ಕೆ ಅಚ್ಚು ಹಾಕಿದ, ಚಕ್ರಗಳ ನಡುವೆ ತಗ್ಗಿ ನಿಂತ ಪ್ಲಾಸ್ಟಿಕ್ ಹಲಗೆಯನ್ನೇ ಹುಡುಕಬೇಕು.

ಜಾಕ್ ಒಂದರ ಮೇಲೆಯೇ ನಿಂತ ಕಾರಿನ ಕೆಳಗೆ ಎಂದೂ ನುಗ್ಗಬೇಡಿ. ಹೈಡ್ರಾಲಿಕ್ ಜಾಕ್‌ನ ಒಳಗಿನ ಒಂದು ಸೀಲ್ ಸೋರಿದರೆ ಕಾರು ನಿಮ್ಮ ಎದೆಯ ಮೇಲೆ ಇಳಿಯುತ್ತದೆ. ನೆಲದ ಮೇಲೆ ಉಳಿದ ಗಾಲಿಗಳಿಗೂ ತಡೆ ಇಡಿ.

ಹೆಜ್ಜೆ 2: ಚಕ್ರಗಳು

ಎಡವುವುದು ಇಲ್ಲಿಯೇ. ಅಂಗಡಿಯ ನುಣುಪು ನೆಲದಲ್ಲಿ ಎಲ್ಲ ಕ್ರೀಪರ್‌ಗಳೂ ಚೆನ್ನಾಗಿಯೇ ಓಡುತ್ತವೆ. ಕೆಲಸದ ನೆಲದಲ್ಲಿ ಬಿರುಕು, ಮರಳು, ವೈರು, ಬಿದ್ದ ನಟ್ಟು ಎಲ್ಲವೂ ಇರುತ್ತವೆ. ಅಡ್ಡ ಬಂದದ್ದನ್ನು ಹತ್ತಿ ದಾಟಲು ಚಕ್ರಕ್ಕೆ ವ್ಯಾಸ ಬೇಕು. 5 ಸೆಂ.ಮೀ. ಚಕ್ರಕ್ಕೆ ತಡೆಯಾಗುವ ವಾಷರನ್ನು 7.5 ಸೆಂ.ಮೀ. ಚಕ್ರ ಸುಲಭವಾಗಿ ದಾಟುತ್ತದೆ. ಆದರೆ ದೊಡ್ಡ ಚಕ್ರವನ್ನು ಹಲಗೆಯ ಅಡಿಗೆ ಜೋಡಿಸಿದರೆ ಹಲಗೆ ಮೇಲೇರಿ, ಮೊದಲ ಹೆಜ್ಜೆಯ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಚಕ್ರಗಳು ಹಲಗೆಯ ಅಡಿಯಲ್ಲಿರದೆ ಅಂಚಿನಾಚೆ ತಮ್ಮದೇ ಗೂಡಿನಲ್ಲಿ ಕೂತಿರುವ ಮಾದರಿಯನ್ನೇ ಕೊಳ್ಳಿ ಎನ್ನುತ್ತೇನೆ. ಚಕ್ರ ದೊಡ್ಡದು, ಹಲಗೆ ತಗ್ಗು.

ಇನ್ನು ಚಕ್ರದ ವಸ್ತು. ಮಾಮೂಲಿ ರಬ್ಬರ್ ಮೆತ್ತಗೆ ಓಡುತ್ತದೆ, ಆದರೆ ಎಂಜಿನ್ ಆಯಿಲ್ ತಗುಲುತ್ತಿದ್ದರೆ ಊದಿಕೊಂಡು ಹಾಳಾಗುತ್ತದೆ. ಗಟ್ಟಿ ನೈಲಾನ್ ಎಣ್ಣೆಗೆ ಬಗ್ಗುವುದಿಲ್ಲ, ಆದರೆ ಪ್ರತಿ ಬಿರುಕಿನ ಪೆಟ್ಟನ್ನೂ ಬೆನ್ನಿಗೆ ಮುಟ್ಟಿಸುತ್ತದೆ. ನನ್ನ ಮಟ್ಟಿಗೆ, ನೈಲಾನಿಗಿಂತ ಮೆತ್ತಗಿದ್ದೂ ಎಣ್ಣೆಗೆ ತಾಳುವ ಪಾಲಿಯುರೆಥೇನ್ ಒಂದೇ ಸರಿ.

ಅಂಗಡಿಯಲ್ಲಿ ಸಂಕೋಚ ಬಿಟ್ಟು ಕ್ರೀಪರನ್ನು ಮಗುಚಿ ಹಾಕಿ. ಪ್ರತಿ ಚಕ್ರವನ್ನೂ ಬೆರಳಿನಿಂದ ತಿರುಗಿಸಿ. ಬಾಲ್ ಬೇರಿಂಗ್ ಇದ್ದರೆ ಸದ್ದಿಲ್ಲದೆ ಬಹಳ ಹೊತ್ತು ಸುತ್ತುತ್ತದೆ. ಬೇರಿಂಗ್ ಬದಲು ಬರೀ ಪ್ಲಾಸ್ಟಿಕ್ ಬಳೆ, ಅಂದರೆ ಬುಷ್ ಆದರೆ ಗರಗರ ಎಂದು ಬೇಗ ನಿಲ್ಲುತ್ತದೆ. ಚಕ್ರ ಹಿಡಿದ ಕವೆಯನ್ನೂ ಪೂರ್ತಿ ಒಂದು ಸುತ್ತು ತಿರುಗಿಸಿ. ನೀವು ದಿಕ್ಕು ಬದಲಿಸಿದಾಗ ಕವೆ ಅರ್ಧ ಸುತ್ತು ಹೊರಳಬೇಕು. ಅಲ್ಲಿ ಬಿಗಿಯಿದ್ದರೆ ಕಾರಿನ ಕೆಳಗಿನಿಂದ ಹೊರಬರುವಾಗ ಪ್ರತಿ ಸಲವೂ ಜಗ್ಗಾಡಬೇಕಾಗುತ್ತದೆ. ನನ್ನ ಮೊದಲ ಕ್ರೀಪರ್ ಹಾಗೆಯೇ ಇತ್ತು, ಎಣ್ಣೆ ಹಾಕಿದರೂ ಸರಿಹೋಗಲಿಲ್ಲ.

ನಾಲ್ಕೋ ಆರೋ? ನೆಲ ಸಮತಟ್ಟಾಗಿದ್ದರೆ ಆರು. ಭಾರ ಹಂಚಿಹೋಗುತ್ತದೆ, ಹಲಗೆ ನಡುವೆ ಬಾಗುವುದಿಲ್ಲ. ನೆಲ ಏರುತಗ್ಗಾಗಿದ್ದರೆ ನಡುವಿನ ಚಕ್ರಗಳ ಮೇಲೆ ಹಲಗೆ ತೂಗಾಡುತ್ತದೆ, ಅಲ್ಲಿಗೆ ನಾಲ್ಕೇ ಸಾಕು.

ಹೆಜ್ಜೆ 3: ಹಲಗೆ

ಭುಜಗಳು ಹಿಡಿಸಬೇಕು, ತಲೆಗೆ ಆಸರೆ ಇರಬೇಕು, ನಿಮ್ಮ ತೂಕವನ್ನು ಧಾರಾಳವಾಗಿ ತಾಳಬೇಕು. ಅಷ್ಟೇ.

ಮಡಚಿದರೆ ಆಸನ, ಬಿಡಿಸಿದರೆ ಹಲಗೆ ಎನ್ನುವ ಎರಡು ಕೆಲಸದ ಮಾದರಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಮಡಿಕೆಯ ಕೀಲು ಬೆನ್ನಿಗೆ ಒತ್ತುತ್ತದೆ, ಎತ್ತರವೂ ಹೆಚ್ಚು. ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಿ.

ಹೆಜ್ಜೆ 4: ಆಸನ

ಬ್ರೇಕ್ ಪ್ಯಾಡ್ ಬದಲಿಸುವಂಥ ಕೆಲಸಕ್ಕೆ ಚಕ್ರದ ಆಸನ ಬೇಕು. ಕುಳಿತಾಗ ಕಾರಿನ ಗಾಲಿಯ ನಡುಭಾಗ ಎದೆಯ ಎದುರಿಗೆ ಬಂದರೆ ಎತ್ತರ ಸರಿಯಾಗಿದೆ. ಕತ್ತು ಬಗ್ಗಿಸಬೇಕಾಗಿ ಬಂದರೆ ಆಸನ ಹೆಚ್ಚು ಎತ್ತರವಾಯಿತು. ಗ್ಯಾಸ್ ಸಿಲಿಂಡರಿನಿಂದ ಏರಿಳಿಯುವ ಅಗ್ಗದ ಆಸನಗಳು ಸೀಲ್ ಸವೆದಾಗ ಕೂತಲ್ಲೇ ಕುಸಿಯುತ್ತವೆ. ತಿರುಪಿನದು ನಿಧಾನ, ಆದರೆ ನಂಬಿಕಸ್ಥ. ಚಕ್ರಗಳು ಆಸನಕ್ಕಿಂತ ಹೊರಕ್ಕೆ ಹರಡಿರಬೇಕು. ಇಲ್ಲದಿದ್ದರೆ ಬಿಗಿಯಾದ ಬೋಲ್ಟನ್ನು ಜಗ್ಗಿದ ಕ್ಷಣದಲ್ಲಿ ಹಿಂದಕ್ಕೆ ಮಗುಚುತ್ತೀರಿ. ಅಡಿಯಲ್ಲಿ ಉಪಕರಣದ ತಟ್ಟೆ ಇದ್ದರೆ ಅದಕ್ಕೆ ಅಂಚು ಇದೆಯೇ ನೋಡಿ. ಅಂಚಿಲ್ಲದ ತಟ್ಟೆಯಿಂದ ಬಿದ್ದ ನಟ್ಟೇ ಮುಂದೆ ನಿಮ್ಮ ಚಕ್ರಕ್ಕೆ ಅಡ್ಡವಾಗುತ್ತದೆ.

ತಂದ ಮೇಲೆ

ಮೊದಲ ಕೆಲವು ಬಳಕೆಯ ನಂತರ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಅವು ಸಡಿಲಾಗುತ್ತವೆ. ಬ್ರೇಕ್ ಆಯಿಲ್ ಚೆಲ್ಲಿದರೆ ಕೂಡಲೇ ಒರೆಸಿ, ಅದು ಚೌಕಟ್ಟಿನ ಬಣ್ಣವನ್ನು ತಿನ್ನುತ್ತದೆ. ಉದ್ದ ಕೂದಲಿದ್ದರೆ ಮಲಗುವ ಮೊದಲು ಮೇಲೆ ಕಟ್ಟಿಕೊಳ್ಳಿ, ಬೆರಳುಗಳನ್ನು ಹಲಗೆಯ ಅಂಚಿನ ಕೆಳಗೆ ಇಳಿಬಿಡಬೇಡಿ. ಆಗಾಗ ಕ್ರೀಪರನ್ನು ಮಗುಚಿ, ಚಕ್ರದ ಅಚ್ಚಿಗೆ ಸುತ್ತಿಕೊಂಡ ದಾರ, ಕೂದಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ.