ಕಾರವಾರದ ಬೈತಖೋಲ ಬಂದರಿಗೆ ಗುಡುಗಿನ ಮುನ್ಸೂಚನೆ: ನನ್ನ ಅನುಭವ

ಏಪ್ರಿಲ್-ಮೇನಲ್ಲಿ ಘಟ್ಟದ ಮೇಲೆ ಎದ್ದ ಗುಡುಗುಮೋಡ ಕಾರವಾರದ ತನಕ ಇಳಿಯುತ್ತದೋ, ಕಾಳಿ ನದಿ ಕಣಿವೆಯ ಕದ್ರಾ ದಾಟುವ ಮೊದಲೇ ಕರಗುತ್ತದೋ? ಇದನ್ನು ಮಧ್ಯಾಹ್ನ ಎರಡಕ್ಕೇ ಹೇಳಬಹುದು ಅಂದಾಗ ನಮ್ಮ ವಿಭಾಗದಲ್ಲೇ ಯಾರೂ ನಂಬಲಿಲ್ಲ. ಈಗ ಮೂರ್ನಾಲ್ಕು ಬೇಸಿಗೆಯಿಂದ ಹತ್ತರಲ್ಲಿ ಏಳು ಸಲವಾದರೂ ಸರಿಹೋಗುತ್ತಿದೆ.

ಉತ್ತರ ಕನ್ನಡ ಜಿಲ್ಲೆಗೆಲ್ಲ ಸೇರಿಸಿ 'ಅಲ್ಲಲ್ಲಿ ಗುಡುಗು ಸಹಿತ ಮಳೆ' ಅಂತ ಮುನ್ಸೂಚನೆ ಕೊಟ್ಟರೆ ಹಳಿಯಾಳದಲ್ಲಿ ಬಂದರೂ ನಿಜ, ಭಟ್ಕಳದಲ್ಲಿ ಬಂದರೂ ನಿಜ. ಬೋಟಿನವರಿಗೆ ಅದರಿಂದ ಏನು ಉಪಯೋಗ? ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಲ್ಲುವ ತನಕ ಅವರು ಕಡಲಲ್ಲೇ ಇರುತ್ತಾರೆ. ಮಳೆಗಿಂತ ಮೊದಲು ನುಗ್ಗುವ ತಣ್ಣನೆ ಗಾಳಿಯೇ ಅವರಿಗೆ ಅಪಾಯ.

ಪಣಜಿಯಲ್ಲಿ ಹಾರಿಸುವ ಹವಾಮಾನ ಬಲೂನಿನ ಬೆಳಗಿನ 5.30ರ ಅಂಕಿ ಒಂದರಿಂದಲೇ ಕೆಲಸ ಆಗಲಿಲ್ಲ. ಕೇಪ್ (ಮೋಡ ಮೇಲೇಳಲು ಗಾಳಿಯಲ್ಲಿರುವ ಶಕ್ತಿಯ ಅಳತೆ) ಮೂರು ಸಾವಿರ ದಾಟಿದ ದಿನವೂ ಆಕಾಶ ಖಾಲಿ! ಮೋಡವನ್ನು ಕಡಲ ಕಡೆ ತಳ್ಳಲು 3 ಕಿ.ಮೀ. ಎತ್ತರದಲ್ಲಿ ಪೂರ್ವದ ಗಾಳಿ ಬೇಕು. ಕಡಲ ಗಾಳಿ ಕಾಳಿ ಕಣಿವೆ ಹಿಡಿದು ಕದ್ರಾ ತಲುಪುವ ಹೊತ್ತನ್ನೂ ಜತೆಗೆ ಸೇರಿಸಿದ ಮೇಲೆ ದಾರಿ ಕಂಡಿತು. ಕಡಲ ಗಾಳಿ ಬೇಗ ಒಳಗೆ ಹೋದ ದಿನ ಕರಾವಳಿಯ ಮೇಲೆ ತಂಪು ಪದರ ಕೂತಿರುತ್ತದೆ, ಘಟ್ಟ ಇಳಿದ ಮೋಡಕ್ಕೆ ಕೆಳಗಿನಿಂದ ಬಲ ಸಿಗುವುದಿಲ್ಲ. ತಡವಾದ ದಿನ ಹುಷಾರು. ಎಷ್ಟು ಗಂಟೆ ದಾಟಿದರೆ ತಡ ಅನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅನುದಾನ ಕೇಳಿದ ಕಡೆ 'ಗೋವಾದಲ್ಲಿ ಡಾಪ್ಲರ್ ರಾಡಾರ್ ಇದೆಯಲ್ಲ' ಅಂದರು. ರಾಡಾರಿಗೆ ಮೋಡ ಕಾಣುವುದು ಹನಿ ಕಟ್ಟಿದ ಮೇಲೆ. ನನಗೆ ಅದಕ್ಕಿಂತ ಎರಡು ತಾಸು ಮೊದಲೇ ಬೇಕಿತ್ತು. ಕೊನೆಗೆ ಸ್ವಂತ ದುಡ್ಡಿನಲ್ಲೇ ಗಾಳಿ-ಮಳೆ ಅಳೆಯುವ ಮೂರು ಯಂತ್ರ ತಂದೆ, ಒಂದಕ್ಕೆ ಸುಮಾರು ನಲವತ್ತು ಸಾವಿರ. ಕಾರವಾರದಲ್ಲಿ ಗಾಳಿ ಅಳೆಯುವ ಬಟ್ಟಲುಗಳ ಬೇರಿಂಗ್ ಉಪ್ಪು ಹಿಡಿದು ಒಂದೇ ಮಳೆಗಾಲಕ್ಕೆ ಜಾಮ್ ಆಯಿತು. ಯಲ್ಲಾಪುರದಲ್ಲಿ ಮಂಗಗಳು ವೈರ್ ಕಿತ್ತವು, ಮಳೆಮಾಪಕದೊಳಗೆ ಇರುವೆ ಗೂಡು ಕಟ್ಟಿತು. ರಿಪೇರಿಗೇ ಹತ್ತಿರ ಹತ್ತಿರ ಅರ್ಧ ಬೆಲೆ ಹೋಯಿತು.

ನಡುವೆ ಇನ್ನೊಂದು ಪ್ರಯೋಗ. ಹಳೇ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿಟ್ಟು ಕೇಳಿದೆ. ದಾಂಡೇಲಿ ಕಡೆ ಮಿಂಚಿದರೂ ಇಲ್ಲಿ 'ಚರ್ರ್' ಅನ್ನುತ್ತದೆ. ದಿಕ್ಕು ಸಿಗಲ್ಲ, ಆದರೆ ಸದ್ದು ಒತ್ತೊತ್ತಾಗಿ ಬಂದರೆ ಮೋಡ ಬಲಿಯುತ್ತಿದೆ ಅಂತಲೇ. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಪಕ್ಕದಲ್ಲಿಟ್ಟು ನೋಡಿ, ಚೆನ್ನಾಗಿ ಹೊಂದುತ್ತದೆ.

2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತಕ್ಕೆ ಇದೆಲ್ಲ ಬೇಡ. ಅದನ್ನು ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳುತ್ತದೆ.

'ಮಾಸ್ತರರೇ, ನಿಮ್ಮ ಮಳೆ ಎಲ್ಲಿ?' ಅನ್ನುತ್ತಿದ್ದ ತಾಂಡೇಲರೇ (ಬೋಟ್ ನಡೆಸುವವರು) ಈಗ ಊಟ ಮುಗಿಯುವ ಹೊತ್ತಿಗೆ ಫೋನ್ ಮಾಡುತ್ತಾರೆ. ಹೊನ್ನಾವರದವರು ಮಾಡುವುದಾದರೆ ಗೇರುಸೊಪ್ಪೆಯಲ್ಲಿ ಒಂದು ಯಂತ್ರ ಇಡಿ. ಶರಾವತಿ ಕಣಿವೆಯೇ ಬೇರೆ. ಕದ್ರಾದ ಹೊತ್ತು ಅಲ್ಲಿ ನಡೆಯಲ್ಲ, ಎರಡು ಬೇಸಿಗೆಯಾದರೂ ನೀವೇ ಕೂತು ಬರೆದಿಡಬೇಕು.