ಕಹಿ ಬಿಡುವ ತನಕ ತೊಳೆದ ಕೂವೆ

ಮಳೆ ಹಿಡಿಯುತ್ತಲೇ ನಮ್ಮ ತೋಟದ ಅಂಚಿನಲ್ಲಿ ನೆಲ ಸೀಳಿಕೊಂಡು ಹೂಗೊನೆಗಳು ಏಳುತ್ತವೆ, ತುದಿ ತಿಳಿ ಗುಲಾಬಿ. ಹಿಂದೆಯೇ ಅರಿಶಿನದಂಥ ಎಲೆ. ಮದುವೆಯಾಗಿ ಶಿರಸಿ ಕಡೆಯ ಈ ಊರಿಗೆ ಬಂದ ಹೊಸದರಲ್ಲಿ ಕಳೆಯೆಂದು ಕೀಳಲು ಹೋಗಿದ್ದೆ. ಅತ್ತೆ ತಡೆದರು: "ಅದು ಕೂವೆ, ತಂಗಿ. ಮಕ್ಕ ಇದ್ದ ಮನೆಗೆ ಬೇಕಾಗ್ತು."

ಶುಂಠಿ, ಅರಿಶಿನ, ಏಲಕ್ಕಿಯ ಬಳಗದ್ದೇ ಇದು, ಗೆಡ್ಡೆಯಿಂದ ತೆಗೆದ ಹಿಟ್ಟು ಗಂಜಿಗಾಗುತ್ತದೆ. ಸಸ್ಯಶಾಸ್ತ್ರದಲ್ಲಿ ಕುರ್ಕುಮಾ ಅಂಗುಸ್ಟಿಫೋಲಿಯಾ. ಛತ್ತೀಸ್‌ಗಢದ ಬಸ್ತರ್ ಕಡೆ ತೀಖುರ್ ಎನ್ನುತ್ತಾರೆ, ಬೇಸಿಗೆಯಲ್ಲಿ ಶರಬತ್ತು ಮಾಡುತ್ತಾರೆ. ಕೇರಳದವರಿಗೆ ಧನುರ್ಮಾಸದ ತಿರುವಾದಿರ ಹಬ್ಬಕ್ಕೆ ಕೂವೆಯ ಸಿಹಿ ಬೇಕೇ ಬೇಕು. ಈಗ ಅನೇಕರು ಹಿತ್ತಲಲ್ಲಿ ಕೂವೆಯೆಂದು ಬೆಳೆಸುವುದು ಮರಾಂಟಾ. ಅಮೆರಿಕ ಖಂಡದಿಂದ ಬಂದ ಅದರ ಕುಟುಂಬವೇ ಬೇರೆ. ಅದರ ಹಿಟ್ಟೂ ಒಳ್ಳೆಯದೇ, ಕಹಿಯ ಕಾಟವೂ ಇಲ್ಲ. ಆದರೆ ಕಾಡಿನಲ್ಲಿ ಅರಿಶಿನದ ಜಾತಿಯ ಗಿಡಗಳು ಹಲವು ಇರುವುದರಿಂದ, ತಿಳಿದವರು ತೋರಿಸಿದ್ದನ್ನಷ್ಟೇ ಅಗೆಯಿರಿ.

ಎಲೆ ಪೂರ್ತಿ ಒಣಗಿದ ಮೇಲೆ, ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ಗೆಡ್ಡೆ ಕೀಳುತ್ತೇನೆ. ಮಣ್ಣು ತೊಳೆದು, ಸಿಪ್ಪೆ ಹೆರೆದು, ತುರಿದು ನುಣ್ಣಗೆ ರುಬ್ಬಬೇಕು. ಮಿಕ್ಸಿ ಆಗುತ್ತದೆ, ನೀರು ಧಾರಾಳ ಹಾಕಿ. ರುಬ್ಬಿದ್ದನ್ನು ದೊಡ್ಡ ಪಾತ್ರೆಯ ನೀರಿಗೆ ಕಲಸಿ, ತೆಳು ಪಂಚೆಯಲ್ಲಿ ಸೋಸಿ, ನಾರನ್ನು ಮತ್ತೆ ಮತ್ತೆ ಹಿಂಡುತ್ತೇನೆ. ನಾಲ್ಕೈದು ತಾಸು ಅಲ್ಲಾಡಿಸದೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ಮೇಲೆ ನಿಲ್ಲುವ ಹಳದಿ ಮಿಶ್ರಿತ ನೀರಿನಲ್ಲೇ ಕಹಿ ಇರುವುದು. ಅದನ್ನು ಬಸಿದು, ಹೊಸ ನೀರು ಹೊಯ್ದು, ಗಟ್ಟಿಯಾಗಿ ಕೂತ ಹಿಟ್ಟನ್ನು ಕೈಯಿಂದ ಕೆದಕಿ ಕದಡಬೇಕು. ಬೆರಳಿಗೆ ಅದು ಕಿರ್ರ್ ಎನ್ನುತ್ತದೆ. ಆ ಸದ್ದು ನನಗೆ ಬಹಳ ಇಷ್ಟ.

ಮೊದಲ ವರ್ಷ ಮೂರು ನೀರಿಗೇ ನಿಲ್ಲಿಸಿದ್ದೆ. ನೋಡಲು ಬೆಳ್ಳಗಿತ್ತು, ಸಾಕೆನಿಸಿತು. ಒಣಗಿಸಿ ಡಬ್ಬಿಗೂ ತುಂಬಿದೆ. ಎರಡು ವರ್ಷದ ಮಗನಿಗೆ ಗಂಜಿ ಮಾಡಿ ಬಾಯಿಗಿಟ್ಟರೆ ಮುಖ ಕಿವುಚಿ ಉಗಿದುಬಿಟ್ಟ. ನಾಲ್ಕು ದಿನದ ದುಡಿಮೆ ನೀರುಪಾಲಾಯಿತೆಂದು ಅಳು ಬಂತು. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಕಹಿ ಹೋಯ್ದಿಲ್ಲೆ, ಅಷ್ಟೇಯ. ಮತ್ತೆ ನೀರಿಗೆ ಹಾಕು" ಎಂದರು. ಒಣಗಿದ ಹಿಟ್ಟನ್ನೇ ಮತ್ತೆ ಕದಡಿ ಇನ್ನೂ ನಾಲ್ಕು ನೀರು ಬದಲಿಸಿದ ಮೇಲೆ ನಾಲಿಗೆಗೆ ಏನೂ ಹತ್ತಲಿಲ್ಲ. ಅಂದಿನಿಂದ ನೀರು ಎಣಿಸುವುದು ಬಿಟ್ಟಿದ್ದೇನೆ, ನೆಕ್ಕಿಯೇ ನೋಡುತ್ತೇನೆ. ರಾತ್ರಿಯಿಡೀ ಇಡುವುದಿದ್ದರೆ ಮಲಗುವ ಮುಂಚೆ ನೀರು ಬದಲಿಸಿ, ಇಲ್ಲವಾದರೆ ಹುಳಿ ವಾಸನೆ ಬರುತ್ತದೆ.

ಕೊನೆಗೆ ಹಿಟ್ಟಿನ ಗಟ್ಟಿಯನ್ನು ಬಟ್ಟೆಯ ಮೇಲೆ ಪುಡಿಗೈದು ಕಡು ಬಿಸಿಲಲ್ಲಿ ಮೂರು ದಿನ ಒಣಗಿಸುವುದು. ಹತ್ತು ಕಿಲೋ ಗೆಡ್ಡೆಗೆ ಒಂದು ಕಿಲೋ ಹಿಟ್ಟು ಸಿಕ್ಕರೆ ನನಗೆ ಸಂತೋಷ.

ಗಂಜಿಗೆ ಒಂದು ಚಮಚ ಹಿಟ್ಟು, ಒಂದು ಲೋಟ ನೀರು. ಹಿಟ್ಟನ್ನು ತಣ್ಣೀರಿನಲ್ಲೇ ಕರಗಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಗಾಜಿನಂತೆ ತಿಳಿಯಾದರೆ ಬೆಂದಿತು. ಭೇದಿಯಾದಾಗ ಆರಿಸಿ ಮಜ್ಜಿಗೆ, ಉಪ್ಪು ಬೆರೆಸಿ ಕೊಡುತ್ತೇವೆ. ಬೇಸಿಗೆಯಲ್ಲಿ ಉಷ್ಣವಾಗಿ ಉರಿಮೂತ್ರವಾದರೆ ಹಾಲು, ಸಕ್ಕರೆ, ಒಂದು ಏಲಕ್ಕಿ. ಹೊಟ್ಟೆಗೆ ಹಗುರ, ಬಾಯಿ ರುಚಿ ಕೆಟ್ಟವರಿಗೂ ಇಳಿಯುತ್ತದೆ. ಆದರೆ ಆರು ತಿಂಗಳೊಳಗಿನ ಕೂಸಿಗೆ ತಾಯಿ ಹಾಲೇ ಸಾಕು, ಇದು ಬೇಡ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕುಡಿಸುತ್ತೇನೆ, ಕೂವೆ ಅದರ ಬದಲಿಗಲ್ಲ. ಮಗು ಸೊರಗಿ ಮಂಕಾಯಿತೋ, ಮಲದಲ್ಲಿ ರಕ್ತ ಕಂಡಿತೋ, ನೇರ ಆಸ್ಪತ್ರೆಗೆ.

ಈ ಸಲ ಅಗೆದಾಗಲೂ ಮೊಳಕೆಯ ಕಣ್ಣಿರುವ ತುಂಡುಗಳನ್ನು ಬೇರೆ ಎತ್ತಿಟ್ಟು, ಸಂಜೆ ಅದೇ ಗುಂಡಿಗಳಿಗೆ ಹಾಕಿ, ಮೇಲೆ ಅಡಕೆ ಸೋಗೆ ಮುಚ್ಚಿ ಬಂದೆ.