ತುಕ್ಕು ಬಳಿದ ಪೈಪಿನಲ್ಲಿ ಜೌಗು ಅಳೆದ ಬಗೆ: ನನ್ನ ಅನುಭವ

ಕೆರೆಯಂಗಳದಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದಷ್ಟೇ ನೋಡಿ ಸಸಿ ಆರಿಸಿದರೆ ಅರ್ಧ ಸಾಯುತ್ತವೆ. ನೀರು ನಿಂತ ಮೇಲೆ ಮಣ್ಣಿನ ಆಮ್ಲಜನಕ ಯಾವ ಆಳದಲ್ಲಿ, ಎಷ್ಟು ಬೇಗ ಮುಗಿಯುತ್ತದೆ ಅನ್ನುವುದು ಗೊತ್ತಾಗಬೇಕು. ಇದನ್ನು ಅಳೆಯುವ ಪ್ಲಾಟಿನಂ ಎಲೆಕ್ಟ್ರೋಡು, ಮೀಟರು ಸೇರಿದರೆ ಅರ್ಧ ಲಕ್ಷದ ಆಸುಪಾಸು. ಅಷ್ಟು ಕೊಟ್ಟರೂ ಅದು ಆ ಹೊತ್ತಿನ, ಆ ಒಂದು ಬಿಂದುವಿನ ಮಿಲಿವೋಲ್ಟನ್ನಷ್ಟೇ ಹೇಳುತ್ತದೆ. ಆಮ್ಲಜನಕ ಮುಗಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ತುಕ್ಕಿನ ಕಬ್ಬಿಣವನ್ನು ಬಳಸಿಕೊಂಡು ಕರಗಿಸುತ್ತವೆ, ಅಲ್ಲಿ ಬಣ್ಣ ಹೋಗುತ್ತದೆ. ಹಾಗಾಗಿ ಕಬ್ಬಿಣದ ಬಣ್ಣ ಬಳಿದ ಪಿವಿಸಿ ಪೈಪು ತಿಂಗಳಿಡೀ ನಡೆದದ್ದನ್ನು ಮೈಮೇಲೆ ಬರೆದುಕೊಂಡು ಬರುತ್ತದೆ. ತುಕ್ಕು ನೋಡಿ ಮಣ್ಣು ಓದುವುದುಂಟೇ ಎಂದು ನಕ್ಕವರೇ ಈಗ ಪೈಪು ಕೇಳುತ್ತಿದ್ದಾರೆ.

ಕೆಲಸ ಕೆಡುವುದು ಬಣ್ಣದಲ್ಲಿ. ನೀರಿನಂಶವಿಲ್ಲದ ಫೆರಿಕ್ ಕ್ಲೋರೈಡ್ ಸುಮಾರು 16 ಗ್ರಾಂ, ಅರ್ಧ ಲೀಟರ್ ಬಟ್ಟಿ ನೀರಿಗೆ. ಹಾಕುವಾಗ ಬಿಸಿಯೇರುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಂದು ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಕಲಕುತ್ತಾ ಬಿಟ್ಟು ಪಿಎಚ್ 12ರ ಹತ್ತಿರ ನಿಲ್ಲಿಸಬೇಕು. ಆಗ ಬರುವ ಕಂದು ಕೆಸರನ್ನು ಅಂದೇ ಬಳಿದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಅದೇ ದ್ರಾವಣದಲ್ಲಿ ಕೆಲವು ದಿನ ಬಿಟ್ಟರೆ ಒಂದು ಪಾಲು ಗೋಥೈಟ್ (ಹರಳುಗಟ್ಟಿದ, ಸುಲಭವಾಗಿ ಕರಗದ ಕಬ್ಬಿಣದ ಖನಿಜ) ಆಗುತ್ತದೆ, ಬಣ್ಣ ಪೈಪಿಗೆ ಹಿಡಿಯುತ್ತದೆ. ಹೆಚ್ಚು ಬಿಟ್ಟರೆ ಎಲ್ಲವೂ ಗೋಥೈಟ್ ಆಗಿ, ಜೌಗಿನಲ್ಲಿಯೂ ಬೇಗ ಕರಗದೆ ಸುಳ್ಳು ಹೇಳುತ್ತದೆ. ಮೈಸೂರಿನ ಏಪ್ರಿಲ್ ಬಿಸಿಲಿಗೂ ಡಿಸೆಂಬರ್ ಚಳಿಗೂ ಈ ಅವಧಿ ಬೇರೆ ಬೇರೆ. ಎಲ್ಲಿ ನಿಲ್ಲಿಸಬೇಕೆಂದು ಬಣ್ಣ ನೋಡಿಯೇ ತಿಳಿಯುವ ಒಂದು ಗುರುತು ಇದೆ, ಅದು ನನ್ನಲ್ಲೇ ಇರಲಿ.

ಆಮೇಲೆ ಉಪ್ಪು ಹೋಗುವವರೆಗೆ ಡಯಾಲಿಸಿಸ್ ಕೊಳವೆಯಲ್ಲಿ (ಕೆಸರನ್ನು ಒಳಗೇ ಉಳಿಸಿ ಉಪ್ಪನ್ನು ಹೊರಬಿಡುವ ತೆಳು ಪೊರೆಯ ಕೊಳವೆ) ತೊಳೆಯಬೇಕು. ಹೊರಗಿನ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬಿಳುಪು ಬರಬಾರದು. ಇಡೀ ಖರ್ಚಿನಲ್ಲಿ ದುಬಾರಿ ಈ ಕೊಳವೆಯೇ. ಪೈಪು ಅರ್ಧ ಇಂಚಿನದು, ಇಪ್ಪತ್ತಡಿಯದರಲ್ಲಿ 60 ಸೆಂ.ಮೀ. ತುಂಡು ಹತ್ತು. ಮರಳು ಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಕೆಳಗಿನ 50 ಸೆಂ.ಮೀ.ಗೆ ತಿರುಗಿಸುತ್ತಾ ಬಳಿದರೆ ತುಂಡಿಗೆ ಐವತ್ತು ರೂಪಾಯಿ ದಾಟುವುದಿಲ್ಲ.

ನೆಡುವಾಗ ಪೈಪಿನಷ್ಟೇ ದಪ್ಪದ, ಮಣ್ಣು ಕೊರೆಯುವ ಬೈರಿಗೆಯಿಂದ ತೂತು ತೆಗೆಯಬೇಕು. ಸಡಿಲವಾದರೆ ಮಣ್ಣು ತಾಗದು, ಬಿಗಿಯಾದರೆ ಬಣ್ಣ ಕೆರೆಯುತ್ತದೆ. ಒಂದೊಂದು ಜಾಗಕ್ಕೆ ಐದು ಪೈಪು, ನಾಲ್ಕು ವಾರ. ನೇರ ಗೆರೆಯಂತೆ ಬಣ್ಣ ಹೋಗಿದ್ದರೆ ಗೀರು. ಮಚ್ಚೆ ಮಚ್ಚೆಯಾಗಿ, ಅಂಚು ಹಳದಿಗೆ ತಿರುಗಿ ಹೋಗಿದ್ದರೆ ಸೂಕ್ಷ್ಮಜೀವಿಗಳ ಕೆಲಸ. ಚೌಕುಳಿ ಎಳೆದ ಪಾರದರ್ಶಕ ಹಾಳೆ ಸುತ್ತಿ ಎಣಿಸುತ್ತೇನೆ. ಮೇಲಿನ ಪದರದಲ್ಲಿ 15 ಸೆಂ.ಮೀ. ಉದ್ದಕ್ಕೆ ಶೇ. 30ರಷ್ಟು ಬಣ್ಣ ಐದರಲ್ಲಿ ಮೂರು ಪೈಪಿಗಾದರೂ ಹೋಗಿದ್ದರೆ ಅಲ್ಲಿ ಬೇವು ನೆಡುವುದು ಬೇಡ, ಹೊಳೆದಂಡೆಯ ಮರವಾದ ಹೊಳೆಮತ್ತಿ ಹಾಕಿ. ಅದಕ್ಕಿಂತ ಕಡಿಮೆಯಿದ್ದರೆ ಹೊಂಗೆ ಸಾಕು.

ಹೊಸದಾಗಿ ಹೂಳೆತ್ತಿದ ಕೆರೆಯಲ್ಲಿ ಮಾತ್ರ ಪೈಪು ನಂಬುವಂತಿಲ್ಲ. ಕೆಳಗಿನ ಕೆಮ್ಮಣ್ಣಿನಲ್ಲಿ ಕೊಳೆಯುವ ಸೊಪ್ಪುಸದೆ ಇಲ್ಲ, ಸೂಕ್ಷ್ಮಜೀವಿಗಳಿಗೆ ಆಹಾರವಿಲ್ಲ. ತಿಂಗಳು ನೀರು ನಿಂತರೂ ಪೈಪು ಕೆಂಪಾಗಿಯೇ ಎದ್ದು ಬರುತ್ತದೆ. ನಾಗರಹೊಳೆ ಕಡೆಯ ಹಡ್ಲುಗಳಂಥ (ಕಾಡಿನ ನಡುವಿನ ಜೌಗು ಬಯಲು), ಸೊಪ್ಪು ಕೊಳೆತು ಕಪ್ಪಾದ ಕಾಡುಮಣ್ಣು ಇದಕ್ಕೆ ತದ್ವಿರುದ್ಧ. ಅಂಥ ಮಣ್ಣನ್ನು ಟಬ್ಬಿಗೆ ಹಾಕಿ ನೀರು ನಿಲ್ಲಿಸಿದರೆ ವಾರ ಕಳೆಯುವುದರೊಳಗೆ ಬಣ್ಣ ಹೋಗಲು ಶುರು. ಚರಂಡಿ ನೀರು ಸೇರುವ ಕೆರೆಯಲ್ಲಿ ಪೈಪಿನ ಮೇಲೆ ಕಪ್ಪು ಕಲೆ ಬರುತ್ತದೆ, ಅದು ಕಬ್ಬಿಣದ ಸಲ್ಫೈಡ್. ಗಾಳಿಗೆ ಬಂದ ಸ್ವಲ್ಪ ಹೊತ್ತಿಗೇ ಮಾಸುವುದರಿಂದ ಎತ್ತಿದ ಕೂಡಲೇ ಫೋಟೋ ತೆಗೆಯಬೇಕು.

ಸಸಿಗಳನ್ನು ಟಬ್ಬಿನಲ್ಲಿ ಪರೀಕ್ಷಿಸುವಾಗ ಬರೀ ನೀರು ತುಂಬಿದರೆ ಗಾಳಿಗೆ ನೀರು ಅಲುಗಾಡಿ ಆಮ್ಲಜನಕ ಇಳಿಯುತ್ತಲೇ ಇರುತ್ತದೆ. ಪೋಷಕ ದ್ರಾವಣಕ್ಕೆ ಲೀಟರಿಗೆ ಒಂದು ಗ್ರಾಂ ಅಗರ್ (ಕಡಲಪಾಚಿಯಿಂದ ತೆಗೆದ, ನೀರನ್ನು ಮಂದವಾಗಿಸುವ ಪುಡಿ) ಕುದಿಸಿ ಸೇರಿಸಿ, ಆರಿದ ಮೇಲೆ ನೈಟ್ರೋಜನ್ ಹಾಯಿಸಿದರೆ ಅದು ಕದಲುವುದಿಲ್ಲ, ಜೌಗು ಮಣ್ಣಿನ ಸ್ಥಿತಿಗೆ ಹತ್ತಿರ ಬರುತ್ತದೆ. ನೀರಿನ ಮಟ್ಟದಲ್ಲಿ ಕಾಂಡ ಉಬ್ಬಿ ಹೊಸ ಬೇರು ಒಡೆದ ಸಸಿಯನ್ನಷ್ಟೇ ಕೆರೆಗೆ ಕಳಿಸುತ್ತೇನೆ. ಎಲೆ ಹಸಿರಾಗಿದೆ ಎಂದು ಮಾತ್ರ ನಂಬಬೇಡಿ.

ಮಂಡ್ಯದ ನಾಲಾ ಬಯಲಿನ ಚೌಳು ಜಾಗಗಳಲ್ಲಿ ಪಿಎಚ್ ಎಂಟು ದಾಟಿದರೆ ಕಬ್ಬಿಣ ಬೇಗ ಕರಗುವುದಿಲ್ಲ. ಅಲ್ಲಿಗೆ ಮ್ಯಾಂಗನೀಸ್ ಬಳಿದ ಪೈಪೇ ಸರಿ. ಹಳೆಯ ಕಬ್ಬಿಣದ ಪೈಪುಗಳನ್ನು ಆಕ್ಸಾಲಿಕ್ ಆಮ್ಲದಲ್ಲಿ ನೆನೆಸಿ, ಉಜ್ಜಿ, ಮತ್ತೆ ಬಳಿಯಬಹುದು. ತೊಳೆದ ನೀರನ್ನು ಕೆರೆಗೆ ಚೆಲ್ಲಬಾರದು.